“ಎಂಆರ್ ಕೇಸ್” ಅಂತ ಬರೆದ ಮೇಲೆ ಹೊಟ್ಟೆ ಮುಟ್ಟಿ ನೋಡೋರು ಯಾರು?

ಕಡತ_ತಿರುವಿ

ವಿಶೇಷ ಶಾಲೆ, ವಸತಿ ಕೇಂದ್ರ, ಆಸ್ಪತ್ರೆಯ ಹೊರರೋಗಿ ವಿಭಾಗ, ಎಲ್ಲಿಯ ಕಡತ ತೆಗೆದರೂ ಒಂದು ಸಾಲು ಅಚ್ಚೊತ್ತಿದ ಹಾಗೆ ಸಿಗುತ್ತದೆ: “ಎಂಆರ್ ಕೇಸ್, ಬಿಹೇವಿಯರ್ ಪ್ರಾಬ್ಲಂ”. ಎಂಆರ್ ಅಂದರೆ ಮೆಂಟಲ್ ರಿಟಾರ್ಡೇಶನ್, ಬೌದ್ಧಿಕ ವಿಕಲತೆಯ ಹಳೆಯ ಹೆಸರು. ಅದರ ಕೆಳಗೆ ರಿಸ್ಪೆರಿಡೋನ್ ಎಂಬ ಮನೋರೋಗದ ಮಾತ್ರೆ, ಅದರ ಕೆಳಗೆ ಮುಂದಿನ ಭೇಟಿಯ ತಾರೀಕು. ನಡುವೆ ಇರಬೇಕಾದ್ದು ಇರುವುದಿಲ್ಲ. ವರ್ತನೆ ಶುರುವಾಗಿದ್ದು ಯಾವಾಗ, ಅದಕ್ಕೆ ಮೊದಲು ಹೇಗಿದ್ದ, ಹಲ್ಲು ನೋಡಿದಿರಾ, ಕಿವಿ ನೋಡಿದಿರಾ, ಕೊನೇ ಸಲ ಮಲ ಹೋಗಿದ್ದು ಯಾವತ್ತು? ಬೇರೆ ಹುಡುಗ ಯಾರಾದರೂ ತಲೆ ಬಡಿದುಕೊಳ್ಳುತ್ತಾ ಬಂದಿದ್ದರೆ ಕೇಳುತ್ತಿದ್ದ ಪ್ರಶ್ನೆಗಳೇ ಇವು. ‘ಎಂಆರ್’ ಎಂಬ ಚೀಟಿ ಅಂಟಿದ ಕೂಡಲೇ ನಿಂತುಹೋಗುತ್ತವೆ.

ಯಾರನ್ನೂ ದೂರುವುದಕ್ಕೆ ಈ ಎಳೆ ಶುರು ಮಾಡಿಲ್ಲ. ಚೀಟಿ ನಮ್ಮ ತೀರ್ಮಾನವನ್ನು ಯಾವ ಜಾಗದಲ್ಲಿ ದಾರಿ ತಪ್ಪಿಸುತ್ತದೆ, ಅಲ್ಲಿ ಏನು ಮಾಡಬೇಕು, ಕೆಲಸ ಗೊತ್ತಿರುವವರು ಬರೆಯಿರಿ. ಸ್ವಂತ ಕಥೆ ಬೇಡ, ಕ್ರಮ ಬೇಕು.

ಧಾರವಾಡದ_ಸೈಕ್

ಇದಕ್ಕೆ 1982ರಿಂದಲೇ ಹೆಸರಿದೆ: ಡಯಾಗ್ನೋಸ್ಟಿಕ್ ಓವರ್‌ಶಾಡೋಯಿಂಗ್. ಸ್ಟೀವನ್ ರೈಸ್ ಮತ್ತು ಜೊತೆಗಾರರು ಮನಶ್ಶಾಸ್ತ್ರಜ್ಞರಿಗೆ ಒಬ್ಬ ವ್ಯಕ್ತಿಯ ಭಯದ ವಿವರ ಓದಲು ಕೊಟ್ಟರು. ವಿವರ ಒಂದೇ, ಬುದ್ಧಿಶಕ್ತಿಯ ಬಗ್ಗೆ ಇದ್ದ ಮಾತು ಮಾತ್ರ ಬೇರೆ ಬೇರೆ. ಬೌದ್ಧಿಕ ವಿಕಲತೆ ಇದೆ ಎಂದು ಓದಿದವರು ಅದೇ ಭಯವನ್ನು ಚಿಕಿತ್ಸೆ ಬೇಕಾದ ಕಾಯಿಲೆ ಎಂದು ಗುರುತಿಸಿದ್ದು ಕಡಿಮೆ. ಓದಿದವರು ದಡ್ಡರಲ್ಲ, ನುರಿತವರೇ. ಒಂದು ದೊಡ್ಡ ಕಾರಣ ಆಗಲೇ ಕೈಯಲ್ಲಿದ್ದರೆ ಮನಸ್ಸು ಇನ್ನೊಂದು ಕಾರಣ ಹುಡುಕುವುದಿಲ್ಲ, ಅಷ್ಟೇ. ಕನ್ನಡದಲ್ಲಿ ನಾನು ‘ಚೀಟಿಯ ನೆರಳು’ ಅನ್ನುತ್ತೇನೆ. ಇದಕ್ಕಿಂತ ಒಳ್ಳೆಯ ಪದ ಇದ್ದವರು ಹೇಳಿ.

ಎರಡನೇ ಹಂತ ಇನ್ನೂ ಕೆಟ್ಟದ್ದು. ಮೊದಲ ವೈದ್ಯರು ‘ಇರಬಹುದು’ ಎಂದು ಬರೆದದ್ದನ್ನು ಎರಡನೆಯವರು ನಕಲು ಮಾಡುವಾಗ ‘ಬಹುದು’ ಬಿದ್ದುಹೋಗುತ್ತದೆ. ಮೂರನೆಯವರ ಹೊತ್ತಿಗೆ ಅದು ಕಲ್ಲಿನ ಮೇಲಿನ ಬರಹ.

ರಾತ್ರಿಪಾಳಿ

ಹೊಟ್ಟೆಯ ವಿಷಯ ನಾನು ಬರೀತೀನಿ. ವಸತಿ ಕೇಂದ್ರಗಳಲ್ಲಿ ಅತಿ ಹೆಚ್ಚು ತಪ್ಪೋದು ಇಲ್ಲೇ.

ಚಾರ್ಟ್‌ನಲ್ಲಿ ಹೀಗಿರುತ್ತೆ: “ದಿನಕ್ಕೆ 5-6 ಸಲ ಭೇದಿ, ಬಟ್ಟೆ ಹಾಳು ಮಾಡ್ತಾನೆ, ಹೇಳಲ್ಲ, ಹಠ”. ಓಆರ್‌ಎಸ್ ಶುರು, ತರಕಾರಿ ಬಂದ್, ಕೆಲವು ಕಡೆ ಭೇದಿ ನಿಲ್ಲಿಸೋ ಮಾತ್ರೆನೂ ಆಯ್ತು. ನಿಜಕ್ಕೂ ಏನಾಗಿರುತ್ತೆ ಅಂದ್ರೆ ದೊಡ್ಡ ಕರುಳಿನ ಕೊನೇಲಿ ಗಟ್ಟಿ ಮಲ ಬಿರಡೆ ಹಾಗೆ ಕೂತಿರುತ್ತೆ, ಹಿಂದಿನ ನೀರು ಮಲ ಅದರ ಪಕ್ಕದಿಂದ ಸೋರುತ್ತೆ. ಗುದನಾಳ ಸದಾ ಹಿಗ್ಗಿಕೊಂಡಿರೋದ್ರಿಂದ ಹುಡುಗನಿಗೆ ಸೋರೋದೇ ಗೊತ್ತಾಗಲ್ಲ. ಗೊತ್ತಾಗದ್ದನ್ನ ಹೇಳೋದು ಹೇಗೆ?

ವ್ಯತ್ಯಾಸ ಹೀಗೆ ತಿಳಿಯುತ್ತೆ. ಸೋರಿಕೆ ಸ್ವಲ್ಪ ಸ್ವಲ್ಪ, ಕಡು ವಾಸನೆ, ರಾತ್ರಿ ನಿದ್ದೆಯಲ್ಲೂ ಬರುತ್ತೆ, ಸಾಮಾನ್ಯವಾಗಿ ಜ್ವರ ಇರಲ್ಲ. ಹಿಂದಿನ 7-10 ದಿನದ ಚಾರ್ಟ್ ತಿರುವಿದ್ರೆ ಒಂದೇ ಒಂದು ಸರಿಯಾದ ಮಲ ಇರಲ್ಲ. ಮಲಗಿಸಿ, ಮಂಡಿ ಮಡಿಸಿ, ಬೆಚ್ಚಗಿನ ಕೈಯಿಂದ ಹೊಟ್ಟೆಯ ಎಡಗಡೆ ಕೆಳಭಾಗ ನಿಧಾನ ಒತ್ತಿದ್ರೆ ಒದ್ದೆ ಮಣ್ಣಿನ ಉಂಡೆ ಥರ ಸಿಗುತ್ತೆ. ಊಟ ಬಿಡೋದು, ಸಂಜೆ ಹೊತ್ತಿಗೆ ಸಿಡುಕು, ತಲೆ ಚಚ್ಚಿಕೊಳ್ಳೋದು, ಫಿಟ್ಸ್ ಜಾಸ್ತಿ ಆಗೋದು ಇದರ ಜೊತೆಗೇ ಬರುತ್ತೆ. ಹೊಟ್ಟೆ ಉಬ್ಬಿ ವಾಂತಿ ಶುರುವಾದ್ರೆ, ವಾಂತಿ ಹಸಿರು ಬಣ್ಣ ಇದ್ರೆ, ಚಾರ್ಟ್ ಪಕ್ಕಕ್ಕಿಟ್ಟು ಆ ಗಳಿಗೆಯಲ್ಲೇ ಆಸ್ಪತ್ರೆ.

ಚಾರ್ಟ್‌ನಲ್ಲಿ ‘ಆಯ್ತು / ಆಗಿಲ್ಲ’ ಅಂತ ಟಿಕ್ ಹಾಕೋದು ಬಿಡಿ. ಬ್ರಿಸ್ಟಲ್ ಪಟ್ಟಿಯ 1ರಿಂದ 7ರವರೆಗಿನ ಸಂಖ್ಯೆ ಬರೀರಿ. ಆಯಾಗಳಿಗೆ ಹೇಳಿಕೊಡುವಾಗ 1 ಅಂದ್ರೆ ಮೇಕೆ ಹಿಕ್ಕೆ, 4 ಅಂದ್ರೆ ನುಣುಪಾದ ಬಾಳೆಹಣ್ಣು, 7 ಅಂದ್ರೆ ಗಂಜಿ ತಿಳಿ. ಐದು ನಿಮಿಷದಲ್ಲಿ ಕಲೀತಾರೆ. ಪ್ರಮಾಣನೂ ಬೇಕು: ಚಮಚದಷ್ಟಾ, ಹಿಡಿಯಷ್ಟಾ. ಏಳು ದಿನ ಬರೀ 1, ಆಮೇಲೆ ದಿಢೀರ್ ಅಂತ ಚಮಚದಷ್ಟು 7 ಕಾಣಿಸಿದ್ರೆ ಅದು ಭೇದಿ ಅಲ್ಲ.

ಹೊಸಬ_ಆರೈಕೆ

ಸೋರ್ತಾ ಇರೋವಾಗ ಮಲ ಸಡಿಲ ಮಾಡೋ ಔಷಧಿ ಕೊಟ್ರೆ ಇನ್ನೂ ಜಾಸ್ತಿ ಆಗಲ್ವಾ?

ರಾತ್ರಿಪಾಳಿ

ಮೊದಲ ಕೆಲವು ದಿನ ಆಗುತ್ತೆ. ಅದಕ್ಕೇ ಅರ್ಧಕ್ಕೆ ನಿಲ್ಲಿಸಿಬಿಡ್ತಾರೆ, ಬಿರಡೆ ಅಲ್ಲೇ ಉಳಿಯುತ್ತೆ. ಖಾಲಿ ಮಾಡೋ ಡೋಸ್ ಬೇರೆ, ಆಮೇಲೆ ತಿಂಗಳುಗಟ್ಟಲೆ ಕೊಡೋ ಡೋಸ್ ಬೇರೆ, ಎರಡನ್ನೂ ವೈದ್ಯರು ತೂಕ ನೋಡಿ ಬರೀಬೇಕು. ಜೊತೆಗೆ ಔಷಧಿ ಪಟ್ಟಿ ನೋಡಿ. ಜೊಲ್ಲಿಗೋ ಬಿಗಿತಕ್ಕೋ ಟ್ರೈಹೆಕ್ಸಿಫೆನಿಡಿಲ್ ನಡೀತಾ ಇದ್ರೆ, ಕಬ್ಬಿಣದ ಮಾತ್ರೆ ಇದ್ರೆ, ಮಲಬದ್ಧತೆಗೆ ಬೇರೆ ಕಾರಣ ಹುಡುಕೋ ಮುಂಚೆ ಅವನ್ನ ನೋಡಿ.

ಮಕ್ಕಳ_ನರವೈದ್ಯ

ಔಷಧಿ ಎಂದದ್ದಕ್ಕೆ ಮುಂದುವರಿಸುತ್ತೇನೆ. ನಾವು ಕೊಟ್ಟ ಮಾತ್ರೆ ತಂದ ತೊಂದರೆಯನ್ನೇ ‘ಇವರ ಸ್ವಭಾವ’ ಎಂದು ಬರೆಯುವುದು ಚೀಟಿಯ ನೆರಳಿನ ಅತ್ಯಂತ ನಾಚಿಕೆಗೇಡಿನ ರೂಪ.

ಲೆವೆಟಿರಾಸೆಟಾಮ್ ಎಂಬ ಫಿಟ್ಸ್ ಮಾತ್ರೆ ಶುರು ಮಾಡಿದ ಮೇಲೆ ಸಿಡುಕು, ಹೊಡೆಯುವುದು, ಕಚ್ಚುವುದು ಬರಬಹುದು. ಇದು ಗೊತ್ತಿರುವ ಅಡ್ಡಪರಿಣಾಮ. ಕಡತದಲ್ಲಿ ಎರಡು ತಾರೀಕು ಪಕ್ಕಪಕ್ಕ ಬರೆದರೆ ಸಾಕು: ಮಾತ್ರೆ ಶುರುವಾದ ಅಥವಾ ಏರಿಸಿದ ದಿನ, ವರ್ತನೆ ಬದಲಾದ ದಿನ. ಆದರೆ ಫಿಟ್ಸ್ ಮಾತ್ರೆಯನ್ನು ಮನೆಯವರೋ ಕೇಂದ್ರದವರೋ ತಾವಾಗಿ ನಿಲ್ಲಿಸಬಾರದು. ದಿಢೀರ್ ನಿಲ್ಲಿಸಿದರೆ ನಿಲ್ಲದ ಫಿಟ್ಸ್ ಬರುವ ಅಪಾಯವಿದೆ.

ಫೆನಿಟಾಯಿನ್ ಕೂಡ ಫಿಟ್ಸ್ ಮಾತ್ರೆಯೇ, ಆದರೆ ಇನ್ನೊಂದು ಥರ. ಒಂದು ಮಟ್ಟ ದಾಟಿದ ಮೇಲೆ ಡೋಸ್ ಸ್ವಲ್ಪವೇ ಏರಿಸಿದರೂ ರಕ್ತದಲ್ಲಿ ಅದರ ಪ್ರಮಾಣ ಜಿಗಿಯುತ್ತದೆ. ಆಗ ನಡಿಗೆ ತೂರಾಡುತ್ತದೆ, ಕಣ್ಣುಗುಡ್ಡೆ ಅದುರುತ್ತದೆ, ತೂಕಡಿಕೆ. ಕಡತದಲ್ಲಿ ‘ಮೊದಲೇ ಸರಿಯಾಗಿ ನಡೆಯುತ್ತಿರಲಿಲ್ಲ’ ಎಂದಿರುತ್ತದೆ. ವ್ಯಾಲ್‌ಪ್ರೋಯೇಟ್ ಎಂಬ ಫಿಟ್ಸ್ ಮಾತ್ರೆ ತೆಗೆದುಕೊಳ್ಳುವವರು ಮಂಕಾಗಿ ವಾಂತಿ ಮಾಡಿಕೊಂಡರೆ ರಕ್ತದ ಅಮೋನಿಯಾ, ಇನ್ನೊಂದು ಫಿಟ್ಸ್ ಮಾತ್ರೆ ಕಾರ್ಬಮಜೆಪೀನ್ ಇದ್ದು ಗೊಂದಲಕ್ಕೊಳಗಾದರೆ ರಕ್ತದ ಸೋಡಿಯಂ ನೋಡಬೇಕು.

ಇನ್ನು ಅಕಥೀಸಿಯಾ. ರಿಸ್ಪೆರಿಡೋನ್, ಹ್ಯಾಲೊಪೆರಿಡಾಲ್ ಶುರು ಮಾಡಿದ ಅಥವಾ ಏರಿಸಿದ ಕೆಲವು ದಿನ, ವಾರಗಳಲ್ಲಿ ಮೈಯೊಳಗೆ ತಡೆಯಲಾಗದ ಚಡಪಡಿಕೆ ಹುಟ್ಟುತ್ತದೆ. ಮಾತಾಡುವವರು ‘ಕೂರೋಕಾಗ್ತಿಲ್ಲ ಡಾಕ್ಟ್ರೇ’ ಎನ್ನುತ್ತಾರೆ. ಮಾತಾಡದವನು ಕಾಲು ಬದಲಿಸುತ್ತಾ ನಿಲ್ಲುತ್ತಾನೆ, ಕೂತು ಏಳುತ್ತಾನೆ, ಕಾರಿಡಾರ್ ಅಳೆಯುತ್ತಾನೆ, ತಡೆದರೆ ತಳ್ಳುತ್ತಾನೆ. ಅದನ್ನು ‘ಹೈಪರ್’ ಎಂದು ಬರೆದು ಡೋಸ್ ಏರಿಸಿದರೆ ಚಡಪಡಿಕೆ ಇನ್ನೂ ಏರುತ್ತದೆ. ಇಂಗ್ಲೆಂಡಿನಲ್ಲಿ ಬೌದ್ಧಿಕ ವಿಕಲತೆ, ಆಟಿಸಂ ಇರುವವರಿಗೆ ಇಂಥ ಮಾತ್ರೆಗಳ ಅತಿಬಳಕೆ ನಿಲ್ಲಿಸಲೆಂದೇ 2016ರಲ್ಲಿ ‘ಸ್ಟಾಂಪ್’ ಅಭಿಯಾನ ಶುರುವಾಯಿತು.

ಮಾತು_ಶ್ರವಣ

ಚೀಟಿ ಅಂಟುವ ಮೊದಲಿನ ಮಾತೂ ಇದೆ. ಎರಡೂ ಕಿವಿಯ ಶ್ರವಣ ಪರೀಕ್ಷೆ ಆಗದೆ ಬುದ್ಧಿಶಕ್ತಿ ಪರೀಕ್ಷೆಯ ಅಂಕ ಬರೆಯಬೇಡಿ. ಮಗು ಸಹಕರಿಸುವುದಿಲ್ಲ ಎನ್ನುವುದು ನೆಪ. ನಿದ್ದೆಯಲ್ಲೇ ಮಾಡುವ ಬೇರಾ ಪರೀಕ್ಷೆ ಇರುವುದೇ ಅದಕ್ಕೆ. ಚಪ್ಪಾಳೆ ತಟ್ಟಿ ‘ತಿರುಗಿತು, ಕೇಳುತ್ತದೆ’ ಎನ್ನಬೇಡಿ, ಕೈ ಆಡಿದ್ದು ಕಣ್ಣಿಗೂ ಕಾಣುತ್ತದೆ. ಹಳೆಯ ಕಡತವಿದ್ದರೆ ಮೊದಲು ಕಿವಿಗುಗ್ಗೆ ನೋಡಿ. ಬೌದ್ಧಿಕ ವಿಕಲತೆ ಇರುವ ದೊಡ್ಡವರಲ್ಲಿ ಗುಗ್ಗೆ ಗಟ್ಟಿಯಾಗಿ ಕಿವಿ ಮುಚ್ಚಿರುವುದು ಸಾಮಾನ್ಯ. ‘ಇತ್ತೀಚೆಗೆ ಮಾತು ಕೇಳುತ್ತಿಲ್ಲ’ ಎಂಬ ದೂರು ಅಕ್ಷರಶಃ ನಿಜವಾಗಿರಬಹುದು.

ಇನ್ನು ಬಿನೆ-ಕಾಮತ್ ಬುದ್ಧಿಶಕ್ತಿ ಪರೀಕ್ಷೆ. ವಿ.ವಿ. ಕಾಮತರು 1934ರಲ್ಲಿ ಪ್ರಕಟಿಸಿದ್ದು ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ. ನಮಗೆ ಹೆಮ್ಮೆಯ ವಿಷಯವೇ. ಆದರೆ ಅದರಲ್ಲಿ ಮಾತಿನ ಪಾಲು ದೊಡ್ಡದು. ಮನೆಯಲ್ಲಿ ಲಂಬಾಣಿ, ತುಳು, ಉರ್ದು ಆಡುವ ಆರು ವರ್ಷದ ಮಗುವಿಗೆ ಕನ್ನಡದಲ್ಲಿ ಪ್ರಶ್ನೆ ಕೇಳಿ ಬಂದ ಅಂಕ ಬುದ್ಧಿಯದ್ದೋ ಭಾಷೆಯದ್ದೋ? ವರದಿಯಲ್ಲಿ ಮನೆಮಾತು ಯಾವುದು, ಪರೀಕ್ಷೆ ಯಾವ ಭಾಷೆಯಲ್ಲಿ ಆಯಿತು, ಎರಡು ಸಾಲು ಬರೆಯುವುದಕ್ಕೆ ಎಷ್ಟು ಹೊತ್ತು ಬೇಕು?

ಧಾರವಾಡದ_ಸೈಕ್

ಒಪ್ಪಿದೆ. ಆಕಾರದ ತುಂಡುಗಳನ್ನು ಹಲಗೆಯ ಕುಳಿಗಳಲ್ಲಿ ಕೂರಿಸುವ ಸೆಗ್ವಿನ್ ಫಾರ್ಮ್ ಬೋರ್ಡ್ ಇದಕ್ಕೆ ಉಲ್ಟಾ: ಮಾತು ಬೇಡ, ಆದರೆ ಗಡಿಯಾರ ಹಿಡಿದು ಅಳೆಯುತ್ತೇವೆ. ಸೆರೆಬ್ರಲ್ ಪಾಲ್ಸಿ (ಮಿದುಳಿನ ಹಾನಿಯಿಂದ ಕೈಕಾಲಿನ ಹತೋಟಿ ತಪ್ಪುವುದು) ಇರುವ ಕೈಗೆ ತುಂಡು ಎಲ್ಲಿ ಕೂರಬೇಕೆಂದು ಗೊತ್ತಿದ್ದರೂ ಕೂರಿಸಲು ಹೊತ್ತು ಬೇಕು. ಅಂಕ ಬೀಳುತ್ತದೆ, ಬುದ್ಧಿಗೆ ಕೆಟ್ಟ ಹೆಸರು.

ವಿಎಸ್‌ಎಂಎಸ್ (ವೈನ್‌ಲ್ಯಾಂಡ್ ಸಾಮಾಜಿಕ ಪಕ್ವತೆಯ ಮಾಪಕ) ಲೆಕ್ಕವನ್ನೂ ಒಮ್ಮೆ ಬಿಡಿಸಿ ನೋಡೋಣ, ಯಾಕೆಂದರೆ ವಿಕಲತೆ ಅಳೆಯುವ 2018ರ ಮಾರ್ಗಸೂಚಿಯಲ್ಲಿ ಶೇಕಡಾವಾರು ನಿಂತಿದ್ದದ್ದು ಅದರ ಮೇಲೆ (2024ರಲ್ಲಿ ಮಾರ್ಗಸೂಚಿ ಪರಿಷ್ಕರಣೆಯಾಯಿತು). 89 ಅಂಶಗಳು, ಉತ್ತರ ಕೊಡುವವರು ಮನೆಯವರು. ಸಾಮಾಜಿಕ ವಯಸ್ಸನ್ನು ನಿಜ ವಯಸ್ಸಿನಿಂದ ಭಾಗಿಸಿ 100ರಿಂದ ಗುಣಿಸಬೇಕು. 2018ರ ಪಟ್ಟಿಯಂತೆ 55-69 ಬಂದರೆ 50%, 36-54 ಬಂದರೆ 75%, 21-35ಕ್ಕೆ 90%, 20 ಮತ್ತು ಕೆಳಗೆ 100%. 70-84ಕ್ಕೆ 25%, ಅಂದರೆ ಸೌಲಭ್ಯಕ್ಕೆ ಬೇಕಾದ 40% ಮುಟ್ಟುವುದಿಲ್ಲ.

ಈಗ 6 ವರ್ಷದ, ಅಂದರೆ 72 ತಿಂಗಳ ಮಗು. 3 ವರ್ಷದವರೆಗಿನ ಅಂಶಗಳೆಲ್ಲ ಆದವು, 36 ತಿಂಗಳು. 3-4 ವರ್ಷದ ಹಂತದಲ್ಲಿ ಆರು ಅಂಶ, ಒಂದಕ್ಕೆ 2 ತಿಂಗಳು. ಒಂದು ಮಾತ್ರ ಬರುತ್ತದೆ ಎಂದರೆ ಸಾಮಾಜಿಕ ವಯಸ್ಸು 38 ತಿಂಗಳು, ಅಂಕ 53, ಚೀಟಿಯಲ್ಲಿ ‘ಮಧ್ಯಮ, 75%’. ಅದೇ ಹಂತದಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳುವುದು ಒಂದು, ತಾನೇ ಕೈ ತೊಳೆಯುವುದು ಇನ್ನೊಂದು. ಅವೆರಡೂ ಬಂದರೆ 42 ತಿಂಗಳು, ಅಂಕ 58, ಚೀಟಿಯಲ್ಲಿ ‘ಅಲ್ಪ, 50%’. ಮಧ್ಯಮಕ್ಕೂ ಅಲ್ಪಕ್ಕೂ ನಡುವೆ ಇರುವುದು ಒಂದು ಗುಂಡಿ, ಒಂದು ತಂಬಿಗೆ ನೀರು. ಅಜ್ಜಿ ದಿನಾ ಗುಂಡಿ ಹಾಕಿ ಕಳಿಸುತ್ತಿದ್ದರೆ ಮಗುವಿಗೆ ಆಗುವುದಿಲ್ಲವೋ, ಮಾಡಲು ಬಿಟ್ಟೇ ಇಲ್ಲವೋ? ‘ಮಾಡುತ್ತಾನಾ’ ಎಂದು ಕೇಳಿ ಬಿಡದೆ, ಗುಂಡಿಯಿರುವ ಅಂಗಿ ಎದುರಿಗಿಟ್ಟು ನೋಡಿ.

ಇದೇ ಮಗುವಿಗೆ ಶಾಲೆಯಲ್ಲಿ ‘75% ಅಂತೆ’ ಎಂದು ಅಕ್ಷರ ಕಲಿಸುವುದನ್ನು ಬಿಟ್ಟು ಮಣಿ ಪೋಣಿಸಲು ಕೂರಿಸುತ್ತಾರೆ. ಶೇಕಡಾವಾರು ಸವಲತ್ತಿನ ಮೇಜಿಗೆ ಬೇಕಾದ ಸಂಖ್ಯೆ. ಪಾಠದ ಮೇಜಿಗೆ ಅದರಿಂದ ಏನೂ ತಿಳಿಯದು.

ಮಂಡ್ಯ_ವಿಆರ್‌ಡಬ್ಲ್ಯು

ಸಾರ್, ಇನ್ನೊಂದು ಮಾತು ಬಾಯಿಬಿಟ್ಟು ಹೇಳಲೇಬೇಕು. ಮಾಸಾಶನದ ಮೊತ್ತ ಶೇಕಡಾವಾರಿನ ಮೇಲೆ ಬದಲಾಗುತ್ತೆ. ಗುಂಡಿ ಹಾಕ್ಕೊಳ್ಳೋ ಮಗುವಿಗೂ ‘ಹಾಕಲ್ಲ’ ಅಂತ ಹೇಳೋ ಮನೆ ಇದೆ. ಅವರನ್ನ ಸುಳ್ಳುಗಾರರು ಅನ್ನೋಕಾಗಲ್ಲ, ಆ ದುಡ್ಡಲ್ಲೇ ಬಸ್ ಚಾರ್ಜು, ಡೈಪರ್ ನಡೀಬೇಕು. ಆದ್ರೆ ಅದೇ ಕಾಗದ ಮುಂದೆ ಶಾಲೆಗೂ ಆಸ್ಪತ್ರೆಗೂ ಹೋಗುತ್ತೆ. ಸರ್ಟಿಫಿಕೇಟ್ ಜೊತೆ ಮಗುವಿಗೆ ಏನೇನು ಬರುತ್ತೆ ಅನ್ನೋ ಇನ್ನೊಂದು ಹಾಳೆ ಇಟ್ಟುಕೊಳ್ಳಿ ಅಂತ ಹೇಳಿಕೊಡಬಹುದು. ಅದನ್ನ ಸರ್ಟಿಫಿಕೇಟ್ ಕೊಡೋ ಮೆಡಿಕಲ್ ಬೋರ್ಡ್ ಮುಂದೆ ತೋರಿಸಬೇಕಾಗಿಲ್ಲ.

ಧಾರವಾಡದ_ಸೈಕ್

ಕೊನೆಯ ವಾಕ್ಯ ನನಗೆ ಒಪ್ಪಿಗೆ ಇಲ್ಲ, ಬೋರ್ಡ್ ಮುಂದೆಯೂ ಸತ್ಯವೇ ಹೇಳಬೇಕು. ಹಾಳೆಯ ವಿಚಾರ ಮಾತ್ರ ಸರಿ.

ಫಿಸಿಯೋ_ತುಮಕೂರು

ಎಲ್ಲರೂ ಚೀಟಿಯನ್ನೇ ಬಯ್ಯುತ್ತಿದ್ದೀರಿ, ನಾನು ಸ್ವಲ್ಪ ತಡೆಯುತ್ತೇನೆ. ತೊಂದರೆ ಚೀಟಿ ಇರುವುದರಿಂದಲ್ಲ, ‘ಎಂಆರ್’ ಎನ್ನುವಂಥ ಪೊಳ್ಳು ಚೀಟಿಯಿಂದ. ಖಚಿತವಾದ ಚೀಟಿ ಪ್ರಾಣ ಉಳಿಸುತ್ತದೆ.

ಡೌನ್ ಸಿಂಡ್ರೋಮ್ ಎಂದು ಬರೆದಿದ್ದರೆ ವರ್ಷಕ್ಕೊಮ್ಮೆ ಥೈರಾಯ್ಡ್, ಜೊತೆಗೆ ಶ್ರವಣ, ಕಣ್ಣು, ನಿದ್ದೆಯಲ್ಲಿ ಉಸಿರು ಕಟ್ಟುವಿಕೆ ನೋಡಲೇಬೇಕೆಂದು ಗೊತ್ತಾಗುತ್ತದೆ. ಅರಿವಳಿಕೆ ಕೊಡುವವರಿಗೆ ಕತ್ತಿನ ಮೇಲಿನ ಎರಡು ಮೂಳೆಗಳ ಸಡಿಲದ ಬಗ್ಗೆ ಮೊದಲೇ ಹೇಳಬೇಕೆಂದು ಗೊತ್ತಾಗುತ್ತದೆ. ನಡಿಗೆ ಹೊಸದಾಗಿ ಕೆಟ್ಟರೆ, ಕತ್ತು ಓರೆಯಾದರೆ, ಹತೋಟಿಯಲ್ಲಿದ್ದ ಮೂತ್ರ ತಪ್ಪಿದರೆ ಅದು ಸೋಮಾರಿತನವಲ್ಲ, ಬೆನ್ನುಹುರಿ ಒತ್ತುತ್ತಿರಬಹುದು. ಅಂಥವನ ಕತ್ತು ತಿರುಗಿಸಿ ‘ವ್ಯಾಯಾಮ’ ಮಾಡಿಸುವ ಕೆಲಸ ಬೇಡ. ನಲವತ್ತು ದಾಟಿದವರು ಮಂಕಾದರೆ ಅಲ್ಜೈಮರ್ ಬೇಗ ಬರುತ್ತದೆಂಬುದು ನೆನಪಾಗಬೇಕು, ಅದಕ್ಕೂ ಮೊದಲು ಥೈರಾಯ್ಡ್.

ಸೆರೆಬ್ರಲ್ ಪಾಲ್ಸಿಯಲ್ಲಿ ‘ಸಿಪಿ’ ಎಂದು ಬಿಟ್ಟರೆ ಸಾಲದು, ಜಿಎಂಎಫ್‌ಸಿಎಸ್ (ಓಡಾಟದ ಸಾಮರ್ಥ್ಯದ ಪಟ್ಟಿ) 1ರಿಂದ 5ರಲ್ಲಿ ಯಾವ ಮಟ್ಟ ಎಂದು ಬರೆಯಬೇಕು. ಮಟ್ಟದ ಸಂಖ್ಯೆ ಹೆಚ್ಚಿದ್ದಷ್ಟೂ ಸೊಂಟದ ಕೀಲು ಜಾರುವ ಸಂಭವ ಹೆಚ್ಚು, 3, 4, 5ಕ್ಕೆ ನಿಯಮಿತ ಎಕ್ಸ್-ರೇ ಬೇಕು. ತೊಡೆಮೂಳೆಯ ಚೆಂಡು ಕೀಲಿನ ಗೂಡಿನಿಂದ 30% ಆಚೆ ಬಂದಿದ್ದರೆ ಮೂಳೆ ಶಸ್ತ್ರವೈದ್ಯರಿಗೆ ತೋರಿಸಬೇಕು. ಡೈಪರ್ ಬದಲಿಸುವಾಗ ಕಿರುಚುತ್ತಾಳೆ ಎಂದರೆ ನಾಚಿಕೆ, ಹಠ ಎನ್ನುವ ಮೊದಲು ಎರಡೂ ತೊಡೆ ಸಮನಾಗಿ ಅಗಲಿಸಲು ಬರುತ್ತದೆಯೇ, ಒಂದು ಮಂಡಿ ಕೆಳಗಿದೆಯೇ ನೋಡಿ. ವರ್ಷಗಟ್ಟಲೆ ಫಿಟ್ಸ್ ಮಾತ್ರೆ ನುಂಗಿ, ಬಿಸಿಲು ಕಾಣದೆ, ನಿಲ್ಲದೆ ಇರುವವರ ಮೂಳೆ ತೆಳ್ಳಗಿರುತ್ತದೆ, ಬಟ್ಟೆ ಹಾಕುವಾಗಲೂ ಮುರಿಯಬಹುದು.

ಕಡತ_ತಿರುವಿ

ಸರಿ, ತಿದ್ದಿಕೊಂಡೆ. ಹಾಗಾದರೆ ರೆಫರಲ್ ಪತ್ರದ ಸಾಲು ಹೀಗಿರಲಿ:

“14 ವರ್ಷದ ಹುಡುಗ. 9 ದಿನದಿಂದ ಬಲಗೆನ್ನೆಗೆ ಮುಷ್ಟಿಯಿಂದ ಹೊಡೆದುಕೊಳ್ಳುತ್ತಿದ್ದಾನೆ, ಊಟದ ನಂತರ ಹೆಚ್ಚು, ರಾತ್ರಿ 2-3 ಸಲ ಏಳುತ್ತಾನೆ. ಇದಕ್ಕೆ ಮೊದಲು ಎಂದೂ ಹೊಡೆದುಕೊಂಡಿಲ್ಲ. ರೊಟ್ಟಿ ಬಿಟ್ಟಿದ್ದಾನೆ, ಅನ್ನ ತಿನ್ನುತ್ತಾನೆ. ಔಷಧಿ ಬದಲಾಗಿಲ್ಲ. ಹಲ್ಲು ಮತ್ತು ಬಲಗಿವಿ ನೋಡಲು ಕೋರಿಕೆ. ಡೌನ್ ಸಿಂಡ್ರೋಮ್, ಮಾತಿಲ್ಲ, ಸನ್ನೆ ಅರ್ಥವಾಗುತ್ತದೆ.”

ಬದಲಾವಣೆ ಮೊದಲು, ಕೋರಿಕೆ ಆಮೇಲೆ, ಚೀಟಿ ಕೊನೆಗೆ. ‘ಬಿಹೇವಿಯರ್’ ಎಂಬ ಪದವೇ ಇಲ್ಲ. ರೊಟ್ಟಿ ಬಿಟ್ಟು ಅನ್ನ ತಿನ್ನುತ್ತಾನೆ ಎಂದು ಓದಿದ ಯಾವ ವೈದ್ಯರೂ ಬಾಯಿ ತೆರೆಸದೆ ಬಿಡುವುದಿಲ್ಲ.

ಮಕ್ಕಳ_ನರವೈದ್ಯ

ಚೆನ್ನಾಗಿದೆ. ಅರಿವಳಿಕೆ, ಶಸ್ತ್ರಚಿಕಿತ್ಸೆಗೆ ಕಳಿಸುವ ಪತ್ರದಲ್ಲಿ ಮಾತ್ರ ಚೀಟಿ ಮೊದಲ ಸಾಲಿಗೆ ಬರಲಿ, ಫಿಸಿಯೋ ಹೇಳಿದ ಕಾರಣಕ್ಕೆ.

ಆಟಿಸಂ ಚೀಟಿಯ ಒಂದು ಮಾತು ಸೇರಿಸುತ್ತೇನೆ. ‘ಸೆನ್ಸರಿ’, ಅಂದರೆ ಇಂದ್ರಿಯ ಸಂವೇದನೆಯ ತೊಂದರೆ ಎಂಬುದು ಈಗ ಎಲ್ಲಕ್ಕೂ ಉತ್ತರವಾಗಿದೆ. ವರ್ಷಗಟ್ಟಲೆ ಬಿಸ್ಕತ್ತು, ಹಾಲು, ಮೊಸರನ್ನ ಮಾತ್ರ ತಿನ್ನುವ ಮಗು ಒಂದು ದಿನ ನಡೆಯಲು ಒಲ್ಲೆ ಎನ್ನುತ್ತದೆ, ಕಾಲು ಮುಟ್ಟಿಸಿಕೊಳ್ಳುವುದಿಲ್ಲ. ಸ್ಪರ್ಶ ಸಂವೇದನೆ ಎಂದು ಬ್ರಷ್ ಹಿಡಿದು ಕೂರುವ ಮೊದಲು ಒಸಡು ನೋಡಿ. ಊದಿಕೊಂಡು ರಕ್ತ ಜಿನುಗುತ್ತಿದ್ದರೆ, ಕಾಲಿನ ಮೇಲೆ ಕೂದಲ ಬುಡದಲ್ಲಿ ಕೆಂಪು ಚುಕ್ಕೆ ಇದ್ದರೆ ಅದು ಸ್ಕರ್ವಿ, ವಿಟಮಿನ್ ಸಿ ಕೊರತೆ. ಹಳೆಯ ಕಾಲದ ನಾವಿಕರ ರೋಗವೆಂದು ಮರೆತುಬಿಟ್ಟಿದ್ದೇವೆ. ಸರಿಯಾದ ಡೋಸ್ ಕೊಟ್ಟರೆ ನೋವು ಕೆಲವೇ ದಿನಗಳಲ್ಲಿ ಇಳಿಯುತ್ತದೆ.

ಚೀಟಿ ಬರೆಯುವ ನಿಯಮವೇ ಕಣ್ಣು ಕಟ್ಟಿದ್ದೂ ಉಂಟು. ಡಿಎಸ್‌ಎಂ ಎಂಬ ಮನೋರೋಗ ನಿರ್ಣಯದ ಪುಸ್ತಕದ ನಾಲ್ಕನೇ ಆವೃತ್ತಿಯಲ್ಲಿ ಆಟಿಸಂ ಇದ್ದರೆ ಎಡಿಎಚ್‌ಡಿ (ಗಮನ ನಿಲ್ಲದ, ಅತಿಚಟುವಟಿಕೆಯ ತೊಂದರೆ) ಬರೆಯುವಂತಿರಲಿಲ್ಲ. 2013ರ ಐದನೆಯದರಲ್ಲಿ ಆ ಬೇಲಿ ತೆಗೆದರು. ಮಕ್ಕಳೇನೂ ಆ ವರ್ಷ ಬದಲಾಗಲಿಲ್ಲ.

ವಕೀಲ_ಬಾಗಲಕೋಟೆ

ಕಾನೂನಿನ ಕಡೆಯಿಂದ ಚಿಕ್ಕದಾಗಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಬೌದ್ಧಿಕ ವಿಕಲತೆಯನ್ನು ‘ಮಾನಸಿಕ ಕಾಯಿಲೆ’ಯ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಕಡತದಲ್ಲಿ ‘ಮಾನಸಿಕ’ ಎಂದು ಗೀಚಿ ಎರಡನ್ನೂ ಬೆರೆಸಬೇಡಿ. ಚಂಡೀಗಢದ ಸರ್ಕಾರಿ ಆಶ್ರಯದಲ್ಲಿದ್ದ ಯುವತಿಯ ಗರ್ಭಪಾತದ ಪ್ರಕರಣದಲ್ಲಿ 2009ರಲ್ಲಿ ಸುಪ್ರೀಂ ಕೋರ್ಟ್ ಇದೇ ವ್ಯತ್ಯಾಸ ಹಿಡಿಯಿತು. ಅಲ್ಪ ಪ್ರಮಾಣದ ಬೌದ್ಧಿಕ ವಿಕಲತೆ ಇದ್ದ ಆಕೆ ಮಗು ಬೇಕೆಂದಿದ್ದಳು, ಆಕೆಯ ಒಪ್ಪಿಗೆ ಇಲ್ಲದೆ ಮಾಡುವಂತಿಲ್ಲ ಎಂದಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಎಲ್ಲರಂತೆ ಸಮಾನ ಕಾನೂನು ಸಾಮರ್ಥ್ಯ ಕೊಟ್ಟಿದೆ. ಆದ್ದರಿಂದ ಸಮ್ಮತಿ ಪತ್ರ ಮಾಡಿಸುವಾಗ ಪ್ರಶ್ನೆ ಮೊದಲು ಮಂಚದ ಮೇಲಿರುವವರಿಗೆ, ಆಮೇಲೆ ಪಕ್ಕದ ಕುರ್ಚಿಯವರಿಗೆ. ಸನ್ನೆಯೂ ಉತ್ತರವೇ. ಯಾವ ಸನ್ನೆ ಎಂದು ಬರೆದಿಡಿ.

ಹೊಸಬ_ಆರೈಕೆ

ನೋವು ಇದೆಯೋ ಇಲ್ಲವೋ ಅಳೆಯೋಕೆ ಏನಾದ್ರೂ ಇದೆಯಾ? ಮತ್ತೆ ಆ ‘ಇನ್ನೊಂದು ಹಾಳೆ’ಯಲ್ಲಿ ಏನಿರಬೇಕು?

ರಾತ್ರಿಪಾಳಿ

ಎರಡು ಸಾಧನ ಇದೆ. ಪರಿಷ್ಕೃತ ಫ್ಲ್ಯಾಕ್: ಮುಖ, ಕಾಲು, ಚಟುವಟಿಕೆ, ಅಳು, ಸಮಾಧಾನ ಆಗೋದು, ಒಂದೊಂದಕ್ಕೆ 0, 1, 2, ಒಟ್ಟು 10. ಇದರ ಅನುಕೂಲ ಏನಂದ್ರೆ ಆ ಮಗು ನೋವಲ್ಲಿ ಏನು ಮಾಡುತ್ತೆ ಅಂತ ಮನೆಯವರು ಹೇಳಿದ್ದನ್ನ ಅದರೊಳಗೇ ಬರ್ಕೋಬಹುದು. ಕೆಲವರು ನೋವಾದ್ರೆ ನಗ್ತಾರೆ, ಕೆಲವರು ಮೌನ ಆಗ್ತಾರೆ. ಇನ್ನೊಂದು ಎನ್‌ಸಿಸಿಪಿಸಿ-ಆರ್: 30 ಅಂಶ, ಎರಡು ಗಂಟೆ ನೋಡಿ ತುಂಬೋದು, 7 ಅಥವಾ ಮೇಲೆ ಬಂದ್ರೆ ನೋವಿದೆ ಅಂತ ಲೆಕ್ಕ.

ಹಾಳೆ ಒಂದೇ ಪುಟ, ಕೈಬರಹ ಸಾಕು, ಆರೋಗ್ಯವಾಗಿದ್ದಾಗಲೇ ತುಂಬಿ. ದಿನಕ್ಕೆ ಎಷ್ಟು ನಿದ್ದೆ, ಏನು ಎಷ್ಟು ತಿಂತಾನೆ, ಮಲ ಎಷ್ಟು ದಿನಕ್ಕೊಮ್ಮೆ ಯಾವ ನಂಬರು, ಹೇಗೆ ನಡೀತಾನೆ, ತೂಕ, ಮಾಮೂಲಿ ನಾಡಿ. ‘ಹೌದು’ ಹೇಗೆ ಹೇಳ್ತಾನೆ, ‘ಬೇಡ’ ಹೇಗೆ ಹೇಳ್ತಾನೆ. ನೋವಾದಾಗ, ಭಯ ಆದಾಗ, ಖುಷಿ ಆದಾಗ ಒಂದೊಂದು ಗುರುತು. ಔಷಧಿ ಹೆಸರು, ಡೋಸ್, ಶುರುವಾದ ತಾರೀಕು. ಆರು ತಿಂಗಳಿಗೊಮ್ಮೆ ಹೊಸದು ಬರೀರಿ, ಹಳೇದನ್ನ ಎಸೀಬೇಡಿ.

ಆಸ್ಪತ್ರೆಗೆ ಒಯ್ಯುವಾಗ ಈ ಹಾಳೆನ ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡಿನ ಜೆರಾಕ್ಸ್ ಮೇಲೆ ಪಿನ್ ಮಾಡಿ. ಕೆಳಗಲ್ಲ, ಮೇಲೆ.